ಹಡಗು ಎಷ್ಟೊತ್ತಿಗೆ ಬಿಡ್ತೈತೆ?

ನನ್ನ ಲ್ಯಾಪ್‌ಟಾಪಿನಲ್ಲಿ 'ಮೆಡಿಟರೇನಿಯನ್ ಫೈನಲ್ 3' ಅಂತ ಒಂದು ಎಕ್ಸೆಲ್ ಶೀಟ್ ಇದೆ. ಫೈನಲ್ ಆದ ಮೇಲೆ 3 ಯಾಕೆ ಬಂತು ಅಂತ ಐಟಿಯಲ್ಲಿ ಕೆಲಸ ಮಾಡುವ ಯಾರೂ ಕೇಳೋದಿಲ್ಲ ಬಿಡಿ. ಸಾಲಿಗೊಂದು ಬಂದರು. ಹಡಗು ಬರುವ ಹೊತ್ತು, ಬಿಡುವ ಹೊತ್ತು, ಬಂದರಿನಿಂದ ಊರಿಗೆ ಎಷ್ಟು ದೂರ, ಹೋಗೋಕೆ ಏನು ಸಿಗುತ್ತೆ, ತಲೆಗೆಷ್ಟು ಯೂರೋ, ಮೆಟ್ಟಿಲೆಷ್ಟು, ಟಾಯ್ಲೆಟ್ ಎಲ್ಲಿ. ಕೊನೆಯ ಕಾಲಮ್ಮಿನ ಹೆಸರು 'ಅಪ್ಪ'. ಅದರಲ್ಲಿ ಮೂರೇ ಉತ್ತರ: ಹೌದು, ಇಲ್ಲ, ನೋಡೋಣ.

ಶುರುವಿನಲ್ಲಿ ಆ ಕಾಲಮ್ ಇರಲಿಲ್ಲ. ಮದುವೆಯಾಗಿ ಹತ್ತು ವರ್ಷ ಆಗುತ್ತೆ, ಎಲ್ಲಾದರೂ ದೂರ ಹೋಗೋಣ ಅಂತ ಹೆಂಡತಿ ಸ್ಯಾಂಟೊರಿನಿಯ ಒಂದು ಫೋಟೋ ಕಳಿಸಿದ್ದಳು. ನೀವೂ ನೋಡಿರ್ತೀರಿ, ಬಿಳಿ ಮನೆ, ನೀಲಿ ಗುಮ್ಮಟ, ಕೆಳಗೆ ಆಟಿಕೆಯ ಹಾಗೆ ಕಾಣುವ ಹಡಗು. ನಾವಿಬ್ಬರು, ಎಂಟು ವರ್ಷದ ಮಗಳು, ಒಂದು ವಾರ, ಅಷ್ಟೇ ಲೆಕ್ಕ. ಅದೇ ತಿಂಗಳಲ್ಲಿ ಊರಿಂದ ಒಂದು ಫೋನ್ ಬಂತು.

ನಮ್ಮದು ಹೊಸದುರ್ಗದ ಕಡೆಯ ಹಳ್ಳಿ. ಅಪ್ಪ ಸಂತೆಗೆ ಅಂತ ಹೋದವನು ವಾಪಸ್ ಬರುವ ಬಸ್ಸು ಹತ್ತಿದ್ದಾನೆ, ಕೂತಿದ್ದಾನೆ, ಎಲ್ಲಿ ಇಳಿಯಬೇಕು ಅನ್ನೋದು ಮಾತ್ರ ತಲೆಯಿಂದ ಹೋಗಿಬಿಟ್ಟಿದೆ. ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಗಂಟೆ ಹಾಗೇ ಕೂತಿದ್ದನಂತೆ. ಗುರುತಿನವರೊಬ್ಬರು ನೋಡಿ ಫೋನ್ ಮಾಡಿದರು. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು, ವಯಸ್ಸಾದವರಿಗೆ ಆಗುತ್ತೆ. ಆದರೆ ನಮ್ಮಪ್ಪ ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ನಾನು ದಾವಣಗೆರೆಯಲ್ಲಿ ಬಿಇ ಓದುವಾಗ, ಕರ್ನಾಟಕದ ಯಾವ ಎರಡು ಊರಿನ ಹೆಸರು ಹೇಳಿದರೂ ನಡುವಿನ ಊರುಗಳನ್ನೆಲ್ಲ ಸಾಲಾಗಿ ಒದರುತ್ತಿದ್ದ. ಯಾವ ಊರಲ್ಲಿ ಊಟ ಚೆನ್ನಾಗಿರುತ್ತೆ ಅನ್ನೋದನ್ನೂ ಸೇರಿಸಿ. ಗೂಗಲ್ ಮ್ಯಾಪ್ಸ್ ಬಂದಾಗ ನನಗೇನೂ ಆಶ್ಚರ್ಯ ಆಗಿರಲಿಲ್ಲ.

ಬೆಂಗಳೂರಿಗೆ ಕರೆತಂದು ತೋರಿಸಿದೆವು. ಸ್ಕ್ಯಾನ್, ರಕ್ತ ಪರೀಕ್ಷೆ, 'ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀರಿ' ಎಲ್ಲ ಆಯ್ತು. ಮರೆವಿನ ಕಾಯಿಲೆಯ ಆರಂಭ ಅಂದರು ಡಾಕ್ಟರು. ಮಾತ್ರೆ ಕೊಟ್ಟರು. ಪ್ರವಾಸದ ಬಗ್ಗೆ ಕೇಳಿದ್ದಕ್ಕೆ, ಈಗಲೇ ಹೋಗೋದಾದರೆ ಹೋಗಿ, ಆದರೆ ದಿನಾ ಒಂದೊಂದು ಹೋಟೆಲು, ದಿನಾ ಒಂದೊಂದು ರೂಮು ಅಂತ ಮಾಡಬೇಡಿ, ರಾತ್ರಿ ಎದ್ದಾಗ ಬಾತ್‌ರೂಮ್ ಯಾವ ಕಡೆ ಅಂತ ಗೊತ್ತಾಗದೆ ಗಾಬರಿಯಾಗ್ತಾರೆ ಅಂದರು.

ಮನೆಗೆ ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಹೊಳೆದಿದ್ದು: ಊರು ದಿನಾ ಬದಲಾಗಿ ಮಂಚ ಬದಲಾಗದೇ ಇರೋ ಪ್ರವಾಸ ಒಂದಿದೆಯಲ್ಲ! ಒಂದು ಸಲ ಸೂಟ್‌ಕೇಸ್ ಬಿಚ್ಚಿದರೆ ಮುಗೀತು, ಏಳು ರಾತ್ರಿ ಅದೇ ರೂಮು, ಅದೇ ಬಾತ್‌ರೂಮು. ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಬೇರೆ ದೇಶ.

ಇನ್ನೊಂದು ಕಾರಣವೂ ಇತ್ತು. ಅಪ್ಪ ಶಿರಾಡಿ ಘಾಟಿ ಇಳಿದು ಪಣಂಬೂರಿನ ಬಂದರಿಗೆ ಎಷ್ಟೋ ಸಲ ಲೋಡು ಹೊಡೆದಿದ್ದ. ಲಾರಿ ಖಾಲಿಯಾಗುವ ತನಕ ಬಾನೆಟ್ಟಿನ ಮೇಲೆ ಕೂತು ಹಡಗು ನೋಡ್ತಿದ್ದನಂತೆ. 'ಅದ್ರ ಹೊಟ್ಟೆ ನೋಡೀನಿ, ಬೆನ್ನು ನೋಡೀನಿ, ಹತ್ತಿಲ್ಲ' ಅಂತ ನಾನು ಸಣ್ಣವನಿದ್ದಾಗ ಹೇಳ್ತಿದ್ದ. ಇದು ಅವನಿಗೆ ಈಗಲೂ ನೆನಪಿದೆ. ಹಳೆಯದೆಲ್ಲ ಗಟ್ಟಿಯಾಗಿದೆ, ಹೋಗ್ತಿರೋದು ನಿನ್ನೆ ಮೊನ್ನೆಯದು.

ಹಾಗಾಗಿ ಸ್ಯಾಂಟೊರಿನಿ ಮೊದಲ ದಿನವೇ ಶೀಟಿನಿಂದ ಹೋಯ್ತು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ನಡುನೀರಿನಲ್ಲಿ ಲಂಗರು ಹಾಕುತ್ತೆ. ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅಲ್ಲಿಂದ ಮೇಲಿನ ಊರಿಗೆ ಕೇಬಲ್ ಕಾರಿನ ಸಾಲಿನಲ್ಲಿ ನಿಲ್ಲಬೇಕು, ಇಲ್ಲ ಕತ್ತೆ ಹತ್ತಬೇಕು, ಇಲ್ಲ ಹತ್ತಿರ ಹತ್ತಿರ ಆರುನೂರು ಮೆಟ್ಟಿಲು ಏರಬೇಕು. ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ. ಅಮ್ಮನ ಮಂಡಿ, ಅಪ್ಪನ ತಲೆ ಎರಡಕ್ಕೂ ಆಗದ ಊರು. ಹೆಂಡತಿ ಒಂದು ನಿಮಿಷ ಸುಮ್ಮನಿದ್ದು 'ಸರಿ, ಬಿಡು' ಅಂದಳು. ಆ ಒಂದು ನಿಮಿಷವನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದೀನಿ.

ಪೂರ್ವ ಮೆಡಿಟರೇನಿಯನ್ ಬಿಟ್ಟು ಪಶ್ಚಿಮಕ್ಕೆ ಬರಲು ಇನ್ನೂ ಒಂದು ಕಾರಣ, ಅದು ನನ್ನ ಎಂಜಿನಿಯರ್ ಬುದ್ಧಿಯದು. ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ ನಾಲ್ಕೂ ದೇಶಗಳಲ್ಲಿ ಗಡಿಯಾರ ಒಂದೇ. ಗ್ರೀಸಿಗೆ ಹೋದರೆ ಒಂದು ಗಂಟೆ ಮುಂದೆ. ಹಡಗಿನ ಗಡಿಯಾರ ಒಂದು, ದಡದ ಗಡಿಯಾರ ಒಂದು, ಮೊಬೈಲು ತನಗೆ ತೋಚಿದ್ದು ಒಂದು ತೋರಿಸುವ ಪರಿಸ್ಥಿತಿ ಬೇಡವೇ ಬೇಡ. ಟೈಮ್‌ಝೋನ್ ಬಗ್‌ಗಳ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದವನು ನಾನು. ನಾಲ್ಕರಲ್ಲೂ ಯೂರೋ, ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ. ಟರ್ಕಿಯ ಬಂದರಿಗೋ ಮಾಂಟೆನೆಗ್ರೋಗೋ ಹೋಗಿ ವಾಪಸ್ ಬರುವ ಹಡಗಾದರೆ ಷೆಂಗೆನ್ನಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ, ಮಲ್ಟಿಪಲ್ ಎಂಟ್ರಿ ಬೇಕು. ಬುಕ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಿ, ಆಮೇಲೆ ನೋಡಿದರೆ ಉಪಯೋಗವಿಲ್ಲ.

ವೀಸಾ ಯಾವ ದೇಶದಲ್ಲಿ ಕೇಳಬೇಕು ಅನ್ನೋದೇ ಒಂದು ಒಗಟು. ಹೆಚ್ಚು ದಿನ ಎಲ್ಲಿರ್ತೀರೋ ಆ ದೇಶದಲ್ಲಿ ಅನ್ನುತ್ತೆ ನಿಯಮ. ಹಡಗಿನಲ್ಲಿ ಮಲಗಿದವನು ರಾತ್ರಿ ಯಾವ ದೇಶದಲ್ಲಿರ್ತಾನೆ? ಹಡಗು ಹತ್ತುವ ಮುಂಚೆ ಬಾರ್ಸಿಲೋನಾದಲ್ಲಿ ಮೂರು ರಾತ್ರಿ ಸುಧಾರಿಸಿಕೊಳ್ಳೋದು ಅಂತ ಸೇರಿಸಿ ಸ್ಪೇನ್ ಅಂತ ತೀರ್ಮಾನ ಮಾಡಿದೆ. ಅಪ್ಪನಿಗೂ ವಿಮಾನದ ಸುಸ್ತು ಇಳಿಯುತ್ತೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದಿರಬೇಕು; ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆದು, ಪ್ರೀಮಿಯಂ ಜಾಸ್ತಿ ಕಟ್ಟಿದೆ. ಬೆರಳಚ್ಚು ಕೊಡುವ ದಿನ ಅಪ್ಪನ ಬೆರಳು ಮಿಷನ್ನಿಗೆ ಸಿಗಲೇ ಇಲ್ಲ. ಸ್ಟೇರಿಂಗು ಅರ್ಧ, ಗುದ್ದಲಿ ಅರ್ಧ ಸೇರಿ ಗೆರೆಗಳನ್ನೇ ತಿಂದುಹಾಕಿದ್ದವು. ಒದ್ದೆ ಟಿಶ್ಯೂ ಕೊಟ್ಟು ಒರೆಸಿ ಒರೆಸಿ, ಐದನೇ ಸಲಕ್ಕೆ ಆಯ್ತು. 'ನಾನು ಯಾರು ಅಂತ ಇದಕ್ಕೂ ಗೊತ್ತಾಗ್ಲಿಲ್ಲ' ಅಂತ ಅಪ್ಪ ನಕ್ಕ. ಕೌಂಟರಿನ ಹುಡುಗಿಯೂ ನಕ್ಕಳು. ನನಗೆ ಆ 'ಇದಕ್ಕೂ' ಅನ್ನೋದು ಕಿವಿಯಲ್ಲಿ ಉಳೀತು.

ಇನ್ನು ಬಂದರುಗಳ ವಿಷಯ. ಕ್ರೂಸಿನ ಬ್ರೋಷರ್ ಓದೋಕೆ ಸ್ವಲ್ಪ ಅಭ್ಯಾಸ ಬೇಕು. ಅದರಲ್ಲಿ 'ರೋಮ್' ಅಂತ ಇರುತ್ತೆ. ಹಡಗು ರೋಮಿಗೆ ಹೋಗಲ್ಲ, ಚಿವಿಟವೆಕ್ಕಿಯಾ ಅನ್ನುವ ಬಂದರಿಗೆ ಹೋಗುತ್ತೆ. ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಬೆಂಗಳೂರು ಅಂತ ಟಿಕೆಟ್ ಕೊಟ್ಟು ತುಮಕೂರಿಗಿಂತ ಹಿಂದೆಯೇ ಇಳಿಸಿದ ಹಾಗೆ. 'ಫ್ಲಾರೆನ್ಸ್' ಅಂದರೆ ಲಿವೋರ್ನೊ, ಅದು ಇನ್ನೂ ದೂರ. 'ಅಥೆನ್ಸ್' ಅಂದರೆ ಪಿರೇಯಸ್, ಅದೊಂದು ಪರವಾಗಿಲ್ಲ, ಪಕ್ಕದಲ್ಲೇ ಇದೆ. ಮಾರ್ಸೇಯಲ್ಲಿ ಊರಿನ ಹೆಸರಿಗೆ ಹಡಗು ನಿಲ್ಲುತ್ತೆ, ಆದರೆ ಕ್ರೂಸ್ ಟರ್ಮಿನಲ್ಲಿನಿಂದ ಹಳೇ ಬಂದರಿನ ಚೌಕಕ್ಕೆ ನಡೆಯೋಕಾಗಲ್ಲ, ಶಟಲ್ ಬಸ್ಸೇ ಗತಿ.

ಈಗ ರೋಮಿನ ಲೆಕ್ಕ ಹಾಕಿ. ಹಡಗು ಬೆಳಿಗ್ಗೆ 7ಕ್ಕೆ ಬರುತ್ತೆ, ಸಂಜೆ 7ಕ್ಕೆ ಬಿಡುತ್ತೆ. ಹನ್ನೆರಡು ಗಂಟೆ ಅಂತ ಖುಷಿಪಡಬೇಡಿ. ಸಾವಿರಾರು ಜನ ಇಳಿಯೋಕೆ ಮುಕ್ಕಾಲು ಗಂಟೆ. ಹಡಗಿನಿಂದ ಬಂದರಿನ ಗೇಟಿಗೆ ಒಂದು ಬಸ್ಸು, ಗೇಟಿನಿಂದ ರೈಲ್ವೆ ಸ್ಟೇಷನ್ನಿಗೆ ಇನ್ನೊಂದು. ರೈಲು ಒಂದು ಗಂಟೆಯ ಮೇಲೆ. ವಾಪಸ್ಸಿಗೂ ಅಷ್ಟೇ. ಹಡಗು ಬಿಡೋದಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆಯೇ ಎಲ್ಲರೂ ಒಳಗಿರಬೇಕು. ಅದಕ್ಕೊಂದು ಬಫರ್ ಇಟ್ಟರೆ ಕೈಗೆ ಸಿಗೋದು ಐದೂವರೆ ಗಂಟೆ. ಐದೂವರೆ ಗಂಟೆಯಲ್ಲಿ ರೋಮ್! ಕೊಲೋಸಿಯಮ್ಮಿನ ಮುಂದೆ ಒಂದು ಸೆಲ್ಫಿ, ಒಂದು ಐಸ್‌ಕ್ರೀಮು, ಓಟ. ಭಾನುವಾರವಾದರೆ ವ್ಯಾಟಿಕನ್ ಮ್ಯೂಸಿಯಂ ಸಾಮಾನ್ಯವಾಗಿ ಮುಚ್ಚಿರುತ್ತೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರೋದು. ಫ್ಲಾರೆನ್ಸಿನ ಉಫೀಜಿಗೆ ಸೋಮವಾರ ರಜೆ. ಹಡಗಿನ ಕಂಪನಿಗೆ ಇದ್ಯಾವುದೂ ಸಂಬಂಧ ಇಲ್ಲ, ಅದು ತನ್ನ ವಾರದ ಪ್ರಕಾರ ಸುತ್ತುತ್ತಿರುತ್ತೆ, ನಮ್ಮೂರಿನ ಗೌರ್ಮೆಂಟ್ ಬಸ್ಸಿನ ಹಾಗೆ.

ಹಾಗಾಗಿ ರೋಮ್ ಇರುವ ಹಡಗು ಬಿಟ್ಟು ನಾನು ಆರಿಸಿದ್ದು ಬಾರ್ಸಿಲೋನಾದಿಂದ ಹೊರಟು ಮಾರ್ಸೇ, ಜಿನೋವಾ, ನೇಪಲ್ಸ್, ಮೆಸ್ಸಿನಾ, ವಾಲೆಟ್ಟಾ ನೋಡಿ, ಒಂದು ದಿನ ಬರೀ ಸಮುದ್ರದಲ್ಲಿದ್ದು ವಾಪಸ್ ಬಾರ್ಸಿಲೋನಾಗೆ ಬರುವ ಹಡಗು. ಮಾರ್ಸೇ ಒಂದನ್ನು ಬಿಟ್ಟರೆ ನಡುವಿನ ನಾಲ್ಕು ಕಡೆಯೂ ಹಡಗು ಊರಿನ ಮಗ್ಗುಲಿಗೇ ಬಂದು ನಿಲ್ಲುತ್ತೆ. ಇಳಿದು ಸ್ವಲ್ಪ ದೂರ ನಡೆದರೆ ಊರು. ಬೇಡ ಅನ್ನಿಸಿದರೆ ತಿರುಗಿ ನೋಡಿದಾಗ ಹಡಗು ಕಾಣುತ್ತಿರುತ್ತೆ. ಇಪ್ಪತ್ತು ಮಹಡಿ ಎತ್ತರದ್ದು, ಊರಿನ ಯಾವ ಬೀದಿಯಲ್ಲಿ ನಿಂತರೂ ತೇರಿನ ಹಾಗೆ ತಲೆ ಎತ್ತಿಕೊಂಡಿರುತ್ತೆ. ಅಪ್ಪನಿಗೆ ಇದಕ್ಕಿಂತ ಒಳ್ಳೆ ಗುರುತು ಎಲ್ಲಿ ಸಿಗಬೇಕು?

ದಡದ ತಿರುಗಾಟಕ್ಕೆ ಎರಡು ದಾರಿ. ಒಂದು, ಹಡಗಿನವರೇ ಮಾಡಿಸುವ ಎಕ್ಸ್‌ಕರ್ಷನ್. ಎದೆಗೆ ನಂಬರಿನ ಸ್ಟಿಕರ್ ಅಂಟಿಸಿ, ಬಸ್ಸಿಗೆ ಹತ್ತಿಸಿ, ಮುಂದೊಬ್ಬಳು ಕೋಲು ಎತ್ತಿ ಹಿಡಿದು ನಡೀತಾಳೆ, ಹಿಂದೆ ನಲವತ್ತು ಜನ. ದುಬಾರಿ. ನೇಪಲ್ಸಿನಿಂದ ಪೊಂಪೈಗೆ ಅರ್ಧ ದಿನಕ್ಕೆ ನಮಗೆ ತೋರಿಸಿದ್ದು ತಲೆಗೆ 79 ಯೂರೋ. ಎರಡನೆಯದು, ನಾವೇ ಹೋಗೋದು. ನೇಪಲ್ಸಿನ ಗರಿಬಾಲ್ಡಿ ಸ್ಟೇಷನ್ನಿನ ಕೆಳಗಿಂದ ಚಿರ್ಕುಮ್‌ವೆಸುವಿಯಾನಾ ಅಂತ ಒಂದು ಪುಟ್ಟ ರೈಲು ಹೊರಡುತ್ತೆ, ಸೊರೆಂಟೊ ಕಡೆಯದು ಹತ್ತಿದರೆ ನಲವತ್ತು ನಿಮಿಷಕ್ಕೆ ಪೊಂಪೈ ಗೇಟಿನ ಎದುರಿಗೇ ಇಳಿಸುತ್ತೆ. ಮೂರ್ನಾಲ್ಕು ಯೂರೋ. ಮೊದಲ ದರ್ಜೆ ಜಿಪುಣನಾದ ನಾನು ಎಲ್ಲ ಕಡೆಯೂ ಎರಡನೇ ದಾರಿಯನ್ನೇ ಬರೆದುಕೊಂಡಿದ್ದೆ.

ಆದರೆ ಎರಡಕ್ಕೂ ನಡುವೆ ದುಡ್ಡಿಗಿಂತ ದೊಡ್ಡ ವ್ಯತ್ಯಾಸ ಒಂದಿದೆ. ಹಡಗಿನವರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹಡಗು ಕಾಯುತ್ತೆ, ಇಲ್ಲಾ ಮುಂದಿನ ಬಂದರಿಗೆ ತಲುಪಿಸುವುದು ಅವರ ಜವಾಬ್ದಾರಿ. ನೀವೇ ಹೋಗಿ ತಡ ಮಾಡಿದರೆ ಕಾಯಲ್ಲ. ಹೊರಟೇ ಬಿಡುತ್ತೆ. ಯೂಟ್ಯೂಬಿನಲ್ಲಿ ಇದರದ್ದೇ ವಿಡಿಯೋಗಳಿವೆ, 'ಪಿಯರ್ ರನ್ನರ್ಸ್' ಅಂತ. ಶಾಪಿಂಗ್ ಬ್ಯಾಗ್ ಹಿಡಿದುಕೊಂಡು ಗಂಡ ಹೆಂಡತಿ ಕಟ್ಟೆಯ ಮೇಲೆ ಓಡಿ ಬರ್ತಿರ್ತಾರೆ, ಮೇಲಿನ ಡೆಕ್ಕಿನಲ್ಲಿ ಸಾವಿರಾರು ಜನ ನಿಂತು ಚಪ್ಪಾಳೆ ಹೊಡೀತಿರ್ತಾರೆ, ಹಗ್ಗ ಬಿಚ್ಚಿರುತ್ತೆ. ಕಟ್ಟೆಗೂ ಹಡಗಿಗೂ ನಡುವೆ ಮೂರು ಅಡಿ ನೀರು, ಆರು ಅಡಿ, ಹತ್ತಡಿ. ಮೊದಲು ನೋಡಿದಾಗ ನಗು ಬಂತು. ಹೆಂಡತಿಗೂ ತೋರಿಸಿದೆ. ಆ ರಾತ್ರಿ ಕನಸಿನಲ್ಲಿ ಕಟ್ಟೆಯ ಮೇಲೆ ಅಪ್ಪ ನಿಂತಿದ್ದ. ಓಡ್ತಿರಲಿಲ್ಲ. ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಹಾಗೆ ಕೈಚೀಲ ಕಾಲ ಮಧ್ಯೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದ.

ಶೀಟಿನಲ್ಲಿ 'ಅಪ್ಪ' ಕಾಲಮ್ ಬಂದದ್ದು ಮಾರನೇ ದಿನ.

ಮೆಸ್ಸಿನಾ, 'ಹೌದು'. ಬ್ರೋಷರಿನವರು ಮೆಸ್ಸಿನಾ ಅಂದರೆ ಟವೊರ್ಮಿನಾಗೋ ಎಟ್ನಾ ಜ್ವಾಲಾಮುಖಿಗೋ ಬಸ್ಸು ಹತ್ತಿಸುತ್ತಾರೆ, ಊರಿನಲ್ಲಿ ಏನೂ ಇಲ್ಲ ಅನ್ನುವ ಹಾಗೆ. 1908ರ ಡಿಸೆಂಬರಿನ ಭೂಕಂಪದಲ್ಲಿ ಊರು ಪೂರಾ ನೆಲಸಮವಾಗಿತ್ತು, ಹಳೆಯದು ಹೆಚ್ಚೇನೂ ಉಳಿದಿಲ್ಲ ಅನ್ನೋದು ನಿಜ. ಆದರೆ ಹಡಗಿನಿಂದ ಹತ್ತು ನಿಮಿಷ ನಡೆದರೆ ದೊಡ್ಡ ಚರ್ಚು, ಅದರ ಗಂಟೆ ಗೋಪುರದಲ್ಲಿ 1933ರಲ್ಲಿ ಕೂರಿಸಿದ ಒಂದು ಯಂತ್ರದ ಗಡಿಯಾರ. ಸ್ಟ್ರಾಸ್‌ಬರ್ಗಿನ ಉಂಗರರ್ ಕಂಪನಿ ಮಾಡಿದ್ದು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಬಂಗಾರದ ಬಣ್ಣದ ಸಿಂಹ ಬಾಲ ಆಡಿಸಿ ಮೂರು ಸಲ ಗರ್ಜಿಸುತ್ತೆ, ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗುತ್ತೆ, ಆಮೇಲೆ ಒಂದೊಂದೇ ಮಹಡಿಯ ಗೊಂಬೆಗಳು ಹೊರಗೆ ಬರ್ತವೆ. ಚೌಕದಲ್ಲಿ ನಿಂತು ಪುಕ್ಕಟೆ ನೋಡಬಹುದು. ಗೇರ್ ಬಾಕ್ಸ್ ಬಿಚ್ಚಿ ಜೋಡಿಸುತ್ತಿದ್ದ ಅಪ್ಪನಿಗೂ ಎಂಟು ವರ್ಷದ ಮೊಮ್ಮಗಳಿಗೂ ಒಂದೇ ಸಲ ಇಷ್ಟವಾಗುವಂಥದ್ದು ಇಡೀ ಮೆಡಿಟರೇನಿಯನ್ನಿನಲ್ಲಿ ಇನ್ನೊಂದು ಸಿಗಲಿಲ್ಲ ನನಗೆ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ನೋಡುವ ಜ್ವಾಲಾಮುಖಿಗಿಂತ ಈ ಹುಂಜವೇ ವಾಸಿ.

ವಾಲೆಟ್ಟಾ, 'ಹೌದು'. ಕೋಟೆಯ ಬುಡಕ್ಕೇ ಹಡಗು ನಿಲ್ಲುತ್ತೆ. ಮೇಲಿನ ಊರಿಗೆ 58 ಮೀಟರಿನ ಲಿಫ್ಟ್ ಇದೆ, ಅಮ್ಮನ ಮಂಡಿಗೆ ಯಾರೋ ಹೇಳಿ ಕಟ್ಟಿಸಿದ ಹಾಗೆ. ಮೇಲೆ ತೋಟ, ಬೆಂಚು, ಮಧ್ಯಾಹ್ನಕ್ಕೆ ತೋಪು ಹಾರಿಸ್ತಾರೆ. ತೋಪಿನ ಸದ್ದಿಗೆ ಅಪ್ಪ ಬೆಚ್ಚಬಾರದು, ಮೊದಲೇ ಹೇಳಬೇಕು ಅಂತ ಪಕ್ಕದಲ್ಲಿ ಬರೆದುಕೊಂಡಿದ್ದೀನಿ. ಜಿನೋವಾದಲ್ಲಿ 1543ರ ದೀಪಸ್ತಂಭ ಹಡಗಿನ ಡೆಕ್ಕಿನಿಂದಲೇ ಕಾಣುತ್ತೆ. ಹಳೇ ಊರಿನ ಗಲ್ಲಿಗಳು ಚಿಕ್ಕಪೇಟೆಗಿಂತ ಇಕ್ಕಟ್ಟು, ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗೋದು 'ಇಲ್ಲ'. ಮಾರ್ಸೇ 'ನೋಡೋಣ'. ಬಾರ್ಸಿಲೋನಾದಲ್ಲಿ ಸಗ್ರಾದ ಫಮಿಲಿಯಾಕ್ಕೆ ಗಂಟೆ ನಮೂದಿಸಿದ ಟಿಕೆಟ್ ಆನ್‌ಲೈನಿನಲ್ಲಿ ತೆಗೆದಾಯ್ತು. 1882ರಲ್ಲಿ ಶುರುವಾದ ಕಟ್ಟಡ ಅಂದಾಗ ಅಪ್ಪ ಕೇಳಿದ್ದು, 'ಕಂಟ್ರಾಕ್ಟರ್ ಯಾರು?'

ಸಿಕ್ಕಿಕೊಂಡದ್ದು ನೇಪಲ್ಸಿನಲ್ಲಿ. ಅಲ್ಲಿ ನನ್ನದೇ ಒಂದು ಹಳೇ ಆಸೆ ಇತ್ತು.

ಏಳನೇ ಕ್ಲಾಸಿನಲ್ಲಿ ಚಿತ್ರದುರ್ಗಕ್ಕೆ ಟ್ರಿಪ್ ಹೋದಾಗ ಕೋಟೆ ಆದ ಮೇಲೆ ಚಂದ್ರವಳ್ಳಿ ತೋರಿಸಿದ್ದರು. ಕೆರೆ ಏರಿಯ ಮೇಲೆ ಚಿತ್ರಾನ್ನದ ಪೊಟ್ಟಣ ಬಿಚ್ಚುವಾಗ ನಮ್ಮ ಸಮಾಜದ ಮೇಷ್ಟ್ರು, ಇಲ್ಲಿ ನೆಲ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆ ಕಣ್ರೋ, ಅಗಸ್ಟಸ್ ಕಾಲದ್ದು, ಟೈಬೀರಿಯಸ್ ಕಾಲದ್ದು ಅಂದರು. ಎಂ. ಎಚ್. ಕೃಷ್ಣ ಅವರು ಅಗೆಸಿದ್ದು, ಆಮೇಲೆ 1947ರಲ್ಲಿ ವೀಲರ್ ಬಂದು ಅಗೆಸಿದ್ದು. ನಾವು ಹುಡುಗರೆಲ್ಲ ಚಿತ್ರಾನ್ನ ಬಿಟ್ಟು ಕಡ್ಡಿ ತಗೊಂಡು ಅಗೆಯೋಕೆ ಶುರು ಮಾಡಿದ್ದೆವು. ಅಲ್ಲಿಂದ ಬಂದ ಬೆಳ್ಳಿ ಇಲ್ಲಿ ನಮ್ಮ ಮಣ್ಣಿನಲ್ಲಿದೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿಂದ ಅಲ್ಲಿಗೆ ಹೋದದ್ದು ಏನಾದರೂ ಇದೆಯಾ ಅಂತ ಮುಂದೆ ಓದುವಾಗ ಸಿಕ್ಕಿದ್ದು 'ಪೊಂಪೈ ಲಕ್ಷ್ಮಿ'. ದಂತದ ಗೊಂಬೆ, ಗೇಣಿಗಿಂತ ಒಂಚೂರು ಉದ್ದ. 1938ರಲ್ಲಿ ಪೊಂಪೈಯ ಒಂದು ಮನೆಯಲ್ಲಿ ಸಿಕ್ಕಿದ್ದು. ಲಕ್ಷ್ಮಿ ಅಲ್ಲ, ಯಕ್ಷಿ ಇರಬೇಕು ಅಂತ ಈಗ ತಿಳಿದವರು ಹೇಳ್ತಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿ ಉಗುಳಿದಾಗ ಆ ಮನೆಯಲ್ಲಿದ್ದಳು, ಅಂದರೆ ಅದಕ್ಕೂ ಮೊದಲೇ ಇಂಡಿಯಾದಿಂದ ಹಡಗು ಹತ್ತಿ ಹೋಗಿದ್ದಳು. ಈಗ ನೇಪಲ್ಸಿನ ಆರ್ಕಿಯಾಲಜಿ ಮ್ಯೂಸಿಯಮ್ಮಿನಲ್ಲಿದ್ದಾಳೆ.

ನಮ್ಮ ಹಡಗು ನೇಪಲ್ಸಿಗೆ ಹೋಗೋದು ಮಂಗಳವಾರ. ಆ ಮ್ಯೂಸಿಯಮ್ಮಿಗೆ ವಾರದ ರಜೆ ಮಂಗಳವಾರ. ನಗಬೇಡಿ.

ಸರಿ, ಲಕ್ಷ್ಮಿ ಇಲ್ಲದಿದ್ದರೆ ಅವಳಿದ್ದ ಊರಾದರೂ ಆಗಲಿ. ಆದರೆ ಪೊಂಪೈ ಅಂದರೆ ಸಣ್ಣ ಗುಡಿಯಲ್ಲ, 66 ಹೆಕ್ಟೇರಿನ ಊರು, ಮೂರರಲ್ಲೊಂದು ಪಾಲು ಇನ್ನೂ ಅಗೆದೇ ಇಲ್ಲ. ಬೀದಿಗೆಲ್ಲ ದುಂಡು ದುಂಡು ಕಪ್ಪು ಕಲ್ಲು, ಗಾಡಿಯ ಚಕ್ರ ಉಜ್ಜಿ ಆದ ಕೊರಕಲು. ಬೀದಿ ದಾಟೋಕೆ ಮೊಣಕಾಲೆತ್ತರದ ಕಲ್ಲಿನ ಮೇಲೆ ಕಾಲಿಟ್ಟು ದಾಟಬೇಕು. ಅಂಫಿಥಿಯೇಟರಿನ ಕಡೆಯ ಗೇಟಿನಿಂದ ಹೋದರೆ ಗಾಲಿಕುರ್ಚಿಗೂ ಆಗುವ ಹಾಗೆ ಒಂದು ಸಪಾಟು ದಾರಿ ಮಾಡಿದ್ದಾರೆ, ಅದನ್ನು ಹುಡುಕಿ ಇಟ್ಟುಕೊಂಡಿದ್ದೆ. ಅಮ್ಮನಿಗೆ ಅದು ಸಾಕು. ಅಪ್ಪನಿಗೆ? ಎಲ್ಲ ಬೀದಿಯೂ ಒಂದೇ ತರ, ಸೂರಿಲ್ಲದ ಗೋಡೆ, ಬಾಗಿಲಿಲ್ಲದ ಬಾಗಿಲು. ಗುರುತಿಗೆ ಹಡಗು ಕಾಣಲ್ಲ. ಸುತ್ತಲೂ ಸಾವಿರಾರು ಜನ. ಆರೋಗ್ಯವಾಗಿರುವವರೇ ದಾರಿ ತಪ್ಪುವ ಜಾಗ.

ಒಂದು ರಾತ್ರಿ ತಂಗಿಯ ಜೊತೆ ಫೋನಿನಲ್ಲಿ ಇದನ್ನೆಲ್ಲ ಹೇಳ್ತಾ ಇದ್ದೆ. ಅವಳು ಊರಿನ ಹತ್ತಿರವೇ ಇರುವವಳು, ದಿನಾ ಅಪ್ಪನನ್ನು ನೋಡುವವಳು. ಎಲ್ಲ ಕೇಳಿ ಮೆತ್ತಗೆ ಕೇಳಿದಳು: 'ಅಣ್ಣಾ, ಬಂದು ಒಂದು ತಿಂಗಳಿಗೆ ಅಪ್ಪಂಗೆ ಹೋಗಿದ್ದೇ ನೆನಪಿರಲ್ಲ. ಯಾರಿಗೋಸ್ಕರ ಮಾಡ್ತಿದೀಯ?'

ನನಗೆ ಸಿಟ್ಟು ಬಂತು. ಸಿಟ್ಟು ಬಂದಿದ್ದು ಅವಳು ಹೇಳಿದ್ದು ಸರಿ ಅಂತ. ಐದು ಜನಕ್ಕೆ ವಿಮಾನ, ವೀಸಾ, ಎರಡು ಕ್ಯಾಬಿನ್, ದಿನಕ್ಕಿಷ್ಟು ಅಂತ ಅವರೇ ಹಿಡಿದುಕೊಳ್ಳುವ ಸರ್ವಿಸ್ ಚಾರ್ಜ್, ಇದೆಲ್ಲ ಸೇರಿದರೆ ಒಂದು ಕಾರಿನ ದುಡ್ಡು. ಅದರ ಅರ್ಧಕ್ಕೆ ಊರಿನಲ್ಲಿ ಅಪ್ಪನ ಜೊತೆ ಇರೋಕೆ ಒಬ್ಬರನ್ನು ಇಡಬಹುದು, ಮನೆಯ ಬಾತ್‌ರೂಮ್ ಸರಿ ಮಾಡಿಸಬಹುದು. ತಂಗಿ ಅದನ್ನು ಹೇಳಲಿಲ್ಲ, ಆದರೆ ನನಗೆ ಕೇಳಿಸಿತು. ದೂರ ಇರುವ ಮಗ ವರ್ಷದ್ದೆಲ್ಲ ಒಂದೇ ವಾರದಲ್ಲಿ ತೀರಿಸಿಬಿಡೋಣ ಅಂತ ಹೊರಟಿದ್ದಾನೆ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಬಾತ್‌ರೂಮ್ ಸರಿ ಮಾಡಿಸೋಕೆ ಮಾರನೇ ವಾರವೇ ದುಡ್ಡು ಕಳಿಸಿದೆ. ಹಡಗು ಕ್ಯಾನ್ಸಲ್ ಮಾಡಲಿಲ್ಲ.

ಅಮ್ಮನಿಗೆ ತಂಗಿಯೇ ಹೇಳಿದ್ದಳಂತೆ. ಅಮ್ಮ ಅವರೆಕಾಯಿ ಬಿಡಿಸ್ತಾ, ಯಾರ ಕಡೆಯೂ ನೋಡದೆ, 'ನಿಂಗೆ ಜವಳ ತೆಗೆಸಾಕೆ ಮೂರು ಬಸ್ಸು ಬದಲಾಯಿಸಿ ಮೈಲಾರಕ್ಕೆ ಎತ್ಕಂಡು ಹೋಗಿದ್ದ ನಿಮ್ಮಪ್ಪ. ನಿಂಗೆ ನೆನಪೈತಾ?' ಅಂದಳು. ಆಮೇಲೆ, 'ಆ ಬೂದಿ ಬಿದ್ದ ಊರಿಗೆ ನೀನು ಹೋಗಿ ಬಾ. ಸತ್ತೋರ ಊರು, ನಂಗೆ ಬ್ಯಾಡ. ನಾವಿಬ್ರೂ ಹಡಗಿನ ಮುಂದೆ ಕೂತಿರ್ತೀವಿ.'

ಇದು ಸಾಧ್ಯವಿಲ್ಲದ್ದೇನಲ್ಲ. ನೇಪಲ್ಸಿನಲ್ಲಿ ಹಡಗಿನ ಎದುರಿಗೇ ಐದು ಗೋಪುರದ ಹಳೇ ಕೋಟೆ, ಪಕ್ಕದ ಕಟ್ಟೆಯಿಂದ ಕಾಪ್ರಿ ದ್ವೀಪಕ್ಕೆ ಹೋಗುವ ಲಾಂಚುಗಳು ಬರ್ತಾ ಹೋಗ್ತಾ ಇರ್ತವೆ. ಆ ಕಡೆ ವೆಸೂವಿಯಸ್. ಬೆಂಚಿನ ಮೇಲೆ ಕೂತು ಅಪ್ಪ ಇಡೀ ದಿನ ಲಾಂಚು ಎಣಿಸಬಲ್ಲ. ಆದರೆ ಅಮ್ಮ ಎರಡು ನಿಮಿಷ ಆ ಕಡೆ ತಿರುಗಿದರೆ? ಅಮ್ಮನಿಗೆ ಇಂಗ್ಲಿಷೂ ಬರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಮ್ಮ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಹಾಗಾಗಿ ಈಗಿನ ಪ್ಲಾನ್ ಪ್ರಕಾರ ಹೆಂಡತಿ, ಮಗಳು ಹಡಗಿನವರ ಬಸ್ಸಿನಲ್ಲಿ ಪೊಂಪೈಗೆ ಹೋಗ್ತಾರೆ, ತಲೆಗೆ 79 ಕೊಟ್ಟು. ನಾನು ಬೆಂಚಿನ ಮೇಲೆ. ಹೆಂಡತಿ, 'ನೀನು ಹೋಗು, ನಾನು ಕೂತಿರ್ತೀನಿ, ನಂಗೆ ಸ್ಯಾಂಟೊರಿನಿಯೇ ಹೋಯ್ತು, ಇದೇನು ಮಹಾ' ಅಂತಾಳೆ. ಅದನ್ನು ಅವಳು ಯಾವ ದನಿಯಲ್ಲಿ ಹೇಳ್ತಾಳೆ ಅನ್ನೋದು ದಿನದ ಮೇಲೆ ಅವಲಂಬಿಸಿರುತ್ತೆ. ಮಂಗಳವಾರದ ಸಾಲಿನಲ್ಲಿ ಈಗಲೂ ಹಳದಿ ಬಣ್ಣ ಇದೆ.

ಹಡಗಿನ ಒಳಗಿನದ್ದು ಇನ್ನೊಂದು ಕಥೆ. ಮಂಚ ಬದಲಾಗಲ್ಲ ಅಂತ ಖುಷಿಪಟ್ಟಿದ್ದೆನಲ್ಲ, ಮಂಚದ ತನಕ ಹೋಗೋದು ಹೇಗೆ ಅಂತ ಯೋಚಿಸಿರಲಿಲ್ಲ. ಹಡಗಿನ ಕಾರಿಡಾರ್ ಮುನ್ನೂರು ಮೀಟರ್ ಉದ್ದ, ಎರಡೂ ಕಡೆ ಒಂದೇ ತರದ ನೂರಾರು ಬಾಗಿಲು, ಒಂದೇ ತರದ ಕಾರ್ಪೆಟ್ಟು, ಕಿಟಕಿ ಇಲ್ಲ. ನಾನೇ ಕಳೆದುಹೋಗ್ತೀನಿ. ಮಧ್ಯದ ಲಿಫ್ಟಿನ ಪಕ್ಕದ ಕ್ಯಾಬಿನ್ ಬೇಕು ಅಂತ ಸ್ವಲ್ಪ ಹೆಚ್ಚು ಕೊಟ್ಟು ಹಿಡಿದೆ. ಇಂಟರ್‌ನೆಟ್ಟಿನಲ್ಲಿ ಓದಿದ್ದು, ಬಾಗಿಲುಗಳು ಕಬ್ಬಿಣದವು, ಜನ ಗುರುತಿಗೆ ಅಂತ ಮ್ಯಾಗ್ನೆಟ್ ಅಂಟಿಸಿಕೊಳ್ತಾರೆ ಅಂತ. ಇದನ್ನು ಅಮ್ಮನಿಗೆ ಹೇಳಿದ್ದೇ ತಡ, ಅಮ್ಮ ಚಿಕ್ಕಪೇಟೆಯಿಂದ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ ತಂದಳು, ನಡುನಡುವೆ ಹಳದಿ ಚೆಂಡುಹೂವು ಇರುವಂಥದ್ದು. ಅದರ ಹಿಂದೆ ಮಗಳು ಫ್ರಿಜ್ಜಿನ ಮ್ಯಾಗ್ನೆಟ್ಟುಗಳನ್ನು ಹೊಲಿದಿದ್ದಾಳೆ. ಬೆಂಕಿಯ ನಿಯಮದಲ್ಲಿ ಇದಕ್ಕೆ ಒಪ್ಪಿಗೆ ಇದೆಯಾ ಅಂತ ಕಂಪನಿಗೆ ಮೇಲ್ ಹಾಕಿದ್ದೀನಿ. ತೋರಣಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಬೇಕು ಅಂತ ಅರ್ಧ ಗಂಟೆ ಯೋಚಿಸಿದೆ.

ಹಡಗಿನಲ್ಲಿ ರೂಮಿನ ಕೀ, ಗುರುತಿನ ಚೀಟಿ, ಎಲ್ಲದಕ್ಕೂ ಒಂದೇ ಕಾರ್ಡು. ಬಹಳ ಜನ ಅದನ್ನು ಪಟ್ಟಿ ಹಾಕಿ ಕೊರಳಿಗೆ ನೇತುಹಾಕಿಕೊಂಡೇ ಓಡಾಡ್ತಾರೆ. ಇದೊಂದು ನನಗೆ ದೊಡ್ಡ ಸಮಾಧಾನ. ಅಪ್ಪನ ಕೊರಳಿಗೆ ಮಾತ್ರ ಚೀಟಿ ಕಟ್ಟಿದ ಹಾಗೆ ಕಾಣಲ್ಲ. ಹೋದ ಭಾನುವಾರ ಆ ಕಾರ್ಡಿನ ಹಿಂದೆ ಇಡೋಕೆ ಅಂತ ಒಂದು ಚೀಟಿ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ನಾಲ್ಕರಲ್ಲೂ ಒಂದೇ ಮಾತು: ಇವರು ನನ್ನ ತಂದೆ. ಇವರಿಗೆ ಮರೆವಿನ ಕಾಯಿಲೆ ಇದೆ. ದಯವಿಟ್ಟು ಇವರನ್ನು ಇಲ್ಲೇ ಕೂರಿಸಿಕೊಂಡು ಈ ನಂಬರಿಗೆ ಫೋನ್ ಮಾಡಿ. ಕೆಳಗೆ ಹಡಗಿನ ಹೆಸರು. ಪ್ರತಿ ಬಂದರಿಗೂ ಹಡಗಿನ ಏಜೆಂಟ್ ಒಬ್ಬರಿರ್ತಾರೆ, ಅವರ ನಂಬರ್ ಹಿಂದಿನ ದಿನದ ಪತ್ರಿಕೆಯಲ್ಲಿ ಹಾಕಿರ್ತಾರೆ, ಅದಕ್ಕೆ ಅಂತ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೀನಿ. ಕನ್ನಡದಲ್ಲಿ ಮಾತ್ರ ಬರೆಯಲಿಲ್ಲ.

ಅಪ್ಪ ಅದನ್ನು ಕೈಗೆ ತಗೊಂಡು, ಕನ್ನಡಕ ಹಾಕಿಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿದ.

'ಏನು ಬರ್ದೀಯ ಇದ್ರಾಗೆ?'

'ಹೆಸ್ರು, ಫೋನ್ ನಂಬರ್ ಅಪ್ಪಾ.'

'ಇಷ್ಟುದ್ದ ಐತಲ್ಲ.'

'ನಾಲ್ಕು ಭಾಷೆಲಿ ಇದೆ ಅದಕ್ಕೆ.'

ಹೂಂ ಅಂದ. ಹಿಂದೆ ಲಾರಿಯ ಪರ್ಮಿಟ್ ಇಟ್ಟುಕೊಳ್ಳುತ್ತಿದ್ದ ಹಾಗೆ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಗುಂಡಿ ಹಾಕಿದ. ಸ್ವಲ್ಪ ಹೊತ್ತು ಬಿಟ್ಟು, ಆ ದಿನಕ್ಕೆ ನಾಲ್ಕನೇ ಸಲವೋ ಐದನೇ ಸಲವೋ, ಕೇಳಿದ:

'ಹಡಗು ಎಷ್ಟೊತ್ತಿಗೆ ಬಿಡ್ತೈತೆ?'

'ಆರು ಗಂಟೆಗೆ ಅಪ್ಪಾ. ಸಾಯಂಕಾಲ ಆರಕ್ಕೆ.'

'ಹಂಗಾರೆ ನಾವು ನಾಲ್ಕಕ್ಕೇ ಹೋಗಿ ಕುಂತ್ಕಳಾನ.'